ಬಣ್ಣದ ಪೆಟ್ಟಿಗೆ: ಹೊಸ ಪ್ರಸಾಧಕಿಯ ಮೊದಲ ಖರೀದಿ

ಮದುವೆಯ ಹೆಣ್ಣನ್ನು ಸಿಂಗರಿಸುವ ಕೆಲಸಕ್ಕೆ ಗ್ರಾಂಥಿಕ ಕನ್ನಡದಲ್ಲಿ ‘ಪ್ರಸಾಧನ’ ಎಂಬ ಹಳೆಯ ಹೆಸರಿದೆ. ಬಯಲಾಟದವರು ಅದನ್ನು ‘ಬಣ್ಣ ಹಚ್ಚುವುದು’ ಎಂದರು. ಈಗ ರಾಯದುರ್ಗ, ಮಡಕಶಿರಾಗಳ ಓಣಿಗಳಲ್ಲಿ ಅದು ಬರಿಯ ‘ಮೇಕಪ್ಪು’. ಹೆಸರು ಯಾವುದಾದರೂ ಆಗಲಿ, ಪದವಿ ಮುಗಿಸಿ ಊರಲ್ಲೇ ಉಳಿಯಬೇಕಾದ ಹೆಣ್ಣುಮಕ್ಕಳಿಗೆ ಇದು ಕೈಗೆಟಕುವ ಸ್ವಂತ ಉದ್ಯೋಗಗಳಲ್ಲಿ ಒಂದು. ಕೆಲವು ವಾರ ತರಬೇತಿ ಪಡೆದು ಬಂದವರು ಎಡವುವುದು ಹೆಚ್ಚಾಗಿ ಕೈಚಳಕದಲ್ಲಲ್ಲ, ಮೊದಲ ಖರೀದಿಯಲ್ಲಿ. ನೂರು ಬಣ್ಣಗಳ ಹೊಳೆಯುವ ದೊಡ್ಡ ಡಬ್ಬಿಯೊಂದಕ್ಕೆ ಕೂಡಿಟ್ಟ ಹಣವೆಲ್ಲ ಹೋಗುತ್ತದೆ. ಅದರಲ್ಲಿ ಮದುವೆಗೆ ಒದಗುವುದು ಹತ್ತು ಬಣ್ಣವೂ ಇರುವುದಿಲ್ಲ.

ಈ ಸೀಮೆಗೆ ಬಣ್ಣದ ಪೆಟ್ಟಿಗೆ ಹೊಸದೇನಲ್ಲ. ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯ ರಚನೆಯಾಗುವವರೆಗೂ ರಾಯದುರ್ಗ ತಾಲೂಕು ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. ಬಳ್ಳಾರಿ ಸೀಮೆಯೋ ಬಯಲಾಟ ಮತ್ತು ನಾಟಕಗಳ ನೆಲ. ಮಡಕಶಿರಾದ ನೆರೆಯ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ೧೮೮೪ರಲ್ಲಿಯೇ ನಾಟಕ ಕಂಪನಿ ಹುಟ್ಟಿತ್ತು. ಹಳೆಯ ವೇಷಗಾರರ ಪೆಟ್ಟಿಗೆಯಲ್ಲಿ ಇದ್ದದ್ದು ಬೆರಳೆಣಿಕೆಯ ಪದಾರ್ಥ: ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಬಿಳಿಗೆ ಸಫೇದ, ಕಪ್ಪಿಗೆ ಕಾಡಿಗೆ, ಕಲಸಲು ಕೊಬ್ಬರಿ ಎಣ್ಣೆ. ಇಷ್ಟರಲ್ಲೇ ರಾಜ, ರಾಕ್ಷಸ, ಸ್ತ್ರೀವೇಷ ಎಲ್ಲವೂ ಮೂಡುತ್ತಿದ್ದವು. ಬೇಕಾದ ಬಣ್ಣವನ್ನು ಕೊಳ್ಳದೆ ಬೆರೆಸಿಕೊಳ್ಳುವ ಆ ಜಾಣ್ಮೆಯನ್ನು ಇಂದಿನ ಪ್ರಸಾಧಕಿ ಉಳಿಸಿಕೊಳ್ಳಬೇಕು, ಆ ಪದಾರ್ಥಗಳನ್ನಲ್ಲ. ಅರದಾಳ ಆರ್ಸೆನಿಕ್ಕಿನ ಸಂಯುಕ್ತ, ಇಂಗಳೀಕ ಪಾದರಸದ್ದು. ಯುರೋಪಿನಲ್ಲಿಯೂ ಶತಮಾನಗಳ ಕಾಲ ಸೀಸದ ಬಿಳಿಯನ್ನು ಮುಖಕ್ಕೆ ಬಳಿದುಕೊಂಡವರಿದ್ದರು. ಬರ್ಲಿನ್ನಿನ ಗಾಯಕ ಲುಡ್ವಿಗ್ ಲೈಕ್ನರ್ ೧೮೭೩ರಲ್ಲಿ ಸೀಸವಿಲ್ಲದ ರಂಗಬಣ್ಣದ ಕಡ್ಡಿಗಳ ತಯಾರಿಕೆ ಆರಂಭಿಸಿದ್ದು ಈ ಹಿನ್ನೆಲೆಯಲ್ಲಿಯೇ.

ಕೈಯಲ್ಲಿ ಹತ್ತು ರೂಪಾಯಿ ಇದ್ದರೆ ನಾಲ್ಕು ರೂಪಾಯಿ ಮುಖದ ತಳಬಣ್ಣಕ್ಕೆ, ಅಂದರೆ ಫೌಂಡೇಶನ್, ಕನ್ಸೀಲರ್ ಮತ್ತು ಪೌಡರಿಗೆ ಮೀಸಲಾಗಬೇಕು. ಎರಡು ಬ್ರಷ್ಷುಗಳಿಗೆ, ಎರಡು ಕಣ್ಣು ಮತ್ತು ತುಟಿಗೆ, ಒಂದು ಶುಚಿತ್ವದ ಸಾಮಗ್ರಿಗೆ. ಉಳಿದ ಒಂದು ರೂಪಾಯಿ ಹತ್ತಿ, ಪಿನ್ನು, ಟಿಶ್ಯೂಗಳಂಥ ಚಿಲ್ಲರೆಗೆ ಹೋಗುತ್ತದೆ.

ತಳಬಣ್ಣಕ್ಕೆ ಇಷ್ಟು ದೊಡ್ಡ ಪಾಲು ಏಕೆಂದರೆ ತಪ್ಪು ಎದ್ದು ಕಾಣುವುದು ಅಲ್ಲಿಯೇ. ಹತ್ತು ಛಾಯೆಗಳನ್ನು ಕೊಳ್ಳಬೇಕಾಗಿಲ್ಲ. ಊರಿನ ಮೈಬಣ್ಣಗಳನ್ನು ಗಮನಿಸಿ ತಿಳಿಯಾದದ್ದು, ನಡುವಿನದು, ಗಾಢವಾದದ್ದು ಎಂದು ಮೂರು ಸೀಸೆ ತಂದರೆ, ಸ್ಟೀಲ್ ತಟ್ಟೆಯ ಮೇಲೆ ಹನಿಹನಿಯಾಗಿ ಬೆರೆಸಿ ಬಹುತೇಕ ಎಲ್ಲ ಮುಖಗಳಿಗೂ ಹೊಂದಿಸಬಹುದು. ಹೊಂದಿತೇ ಎಂದು ನೋಡುವ ಜಾಗ ಅಂಗೈ ಅಲ್ಲ, ದವಡೆಯ ಅಂಚು. ನೋಡುವ ಬೆಳಕು ಟ್ಯೂಬ್‌ಲೈಟಿನದಲ್ಲ, ಬಾಗಿಲ ಬಳಿಯ ಹಗಲಿನದು. ಕಣ್ಣ ಕೆಳಗಿನ ಕಪ್ಪು ನೀಲಿಗೆ ತಿರುಗಿರುವುದರಿಂದ ಅದನ್ನು ಕಿತ್ತಳೆ ಬಣ್ಣದ ಕರೆಕ್ಟರ್ ಮುಚ್ಚುತ್ತದೆ. ಅದಿಲ್ಲದೆ ಎಷ್ಟು ಫೌಂಡೇಶನ್ ಬಳಿದರೂ ಆ ಜಾಗ ಮಂಕಾಗಿಯೇ ಉಳಿಯುತ್ತದೆ.

ಇಲ್ಲಿ ಒಂದು ಸಾಮಾಜಿಕ ಒತ್ತಡವೂ ಕೆಲಸ ಮಾಡುತ್ತದೆ. ‘ಸ್ವಲ್ಪ ಬೆಳ್ಳಗೆ ಕಾಣಲಿ’ ಎಂದು ಹುಡುಗಿಯ ಮನೆಯವರೇ ಕೇಳುವುದುಂಟು. ಕಪ್ಪು ಮೈಬಣ್ಣದ ಮೇಲೆ ತೀರ ತಿಳಿಯಾದ ಫೌಂಡೇಶನ್ ಹಚ್ಚಿದರೆ ಮುಖ ಬೆಳ್ಳಗಾಗುವುದಿಲ್ಲ, ಬೂದಿ ಬಳಿದಂತಾಗುತ್ತದೆ. ಅದರಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಕಪ್ಪಿನ ಮೇಲೆ ಬೂದುಬಣ್ಣವಾಗಿ ತೋರುತ್ತದೆ. ಕ್ಯಾಮೆರಾದ ಫ್ಲಾಷ್ ಬೆಳಕಿಗೆ ಮುಖ ಮಾತ್ರ ಬಿಳಿಚಿಕೊಂಡು ಕುತ್ತಿಗೆ ಬೇರೆಯವರದ್ದೆಂಬಂತೆ ಕಾಣುತ್ತದೆ. ಇದನ್ನು ಬಾಯಲ್ಲಿ ಹೇಳಿ ಒಪ್ಪಿಸುವುದು ಕಷ್ಟ. ಮದುವೆಗೆ ಮುಂಚೆ ಒಂದು ದಿನ ಅರ್ಧ ಮುಖಕ್ಕೆ ಅವರು ಕೇಳಿದ ಬಣ್ಣ, ಇನ್ನರ್ಧಕ್ಕೆ ಸಹಜ ಬಣ್ಣ ಹಚ್ಚಿ ಫೋಟೊ ತೆಗೆದು ತೋರಿಸಿದರೆ ಮಾತು ಬೇಕಾಗುವುದಿಲ್ಲ.

ಆ ದಿನದ ಪರೀಕ್ಷೆಗೆ ಇನ್ನೊಂದು ಕಾರಣ ಅರಿಶಿನ. ಅರಿಶಿನ ಶಾಸ್ತ್ರ ಮುಗಿದ ಮುಖ, ಕುತ್ತಿಗೆ ಎರಡೂ ಹಳದಿಯಾಗಿರುವುದರಿಂದ ಅಂದು ಬಣ್ಣ ಹೊಂದಿಸಲು ಹೊರಟರೆ ಕಣ್ಣು ಮೋಸಹೋಗುತ್ತದೆ. ಛಾಯೆಯ ಅಳತೆಯನ್ನು ಶಾಸ್ತ್ರಕ್ಕೆ ಮೊದಲೇ ಗುರುತು ಹಾಕಿಕೊಂಡಿರುವುದು ಕ್ಷೇಮ. ಮದುವೆಯ ಆಚರಣೆಗಳೆಲ್ಲವೂ ಬಣ್ಣದ ಮೇಲೆ ಪ್ರಭಾವ ಬೀರುವಂಥವೇ. ಬಾಸಿಂಗದ ದಾರ ಹಣೆಯನ್ನೂ ಕಪೋಲವನ್ನೂ ಉಜ್ಜುತ್ತದೆ. ಅಲ್ಲಿ ಪೌಡರನ್ನು ಒತ್ತಿ ಕೂರಿಸದಿದ್ದರೆ ಗೆರೆ ಬೀಳುತ್ತದೆ. ಮುಹೂರ್ತಕ್ಕೆ ಜೀರಿಗೆ-ಬೆಲ್ಲ ತಲೆಯ ಮೇಲೇರುತ್ತದೆ, ಅರಿಶಿನದ ಅಕ್ಷತೆ ಮುಖದ ಮೇಲೆ ಉದುರುತ್ತದೆ, ಹೋಮದ ಹೊಗೆಗೆ ಕಣ್ಣು ನೀರಾಡುತ್ತದೆ, ಕೊನೆಗೆ ಹೆಣ್ಣೊಪ್ಪಿಸುವ ಹೊತ್ತು ಬರುತ್ತದೆ. ಕನ್ನಡದ ಮನೆಯಾದರೂ ತೆಲುಗಿನ ಮನೆಯಾದರೂ ಇವಿಷ್ಟರಲ್ಲಿ ಭೇದ ಕಡಿಮೆ. ಆದ್ದರಿಂದ ಹಣ ಉಳಿಸುವ ಹಂಬಲದಲ್ಲಿಯೂ ನೀರಿಗೆ ಕರಗದ ಕಾಡಿಗೆ ಮತ್ತು ಐಲೈನರ್‌ಗಳಲ್ಲಿ ರಾಜಿ ಸಲ್ಲದು.

ಬಿಸಿಲು ಇನ್ನೊಂದು ಸಂಗತಿ. ವರ್ಷಕ್ಕೆ ಸುಮಾರು ೫೫೦ ಮಿಲಿಮೀಟರ್ ಮಳೆ ಕಾಣುವ ಈ ನಾಡಿನಲ್ಲಿ ಬೇಸಗೆಯ ಲಗ್ನಗಳು ೪೦ ಡಿಗ್ರಿಯ ಆಸುಪಾಸಿನಲ್ಲಿ ನಡೆಯುತ್ತವೆ. ಎಣ್ಣೆಯಂಶ ಹೆಚ್ಚಿರುವ ದಪ್ಪ ಕ್ರೀಮುಗಳು ಇಲ್ಲಿ ಜಾರಿಬಿಡುತ್ತವೆ. ತೆಳುವಾದ ಪದರ, ಮೇಲೆ ಪೌಡರ್, ಮತ್ತೆ ತೆಳುವಾದ ಪದರ ಎಂಬ ಕ್ರಮ ಹೆಚ್ಚು ಹೊತ್ತು ತಾಳುತ್ತದೆ. ಪೆಟ್ಟಿಗೆಯನ್ನು ಬಿಸಿಲಲ್ಲಿ ನಿಂತ ಗಾಡಿಯೊಳಗೆ ಬಿಟ್ಟರೆ ಲಿಪ್‌ಸ್ಟಿಕ್ಕುಗಳು ಮಧ್ಯಾಹ್ನಕ್ಕೆ ತುಪ್ಪವಾಗಿರುತ್ತವೆ.

ಕಣ್ಣು, ತುಟಿಗಳಿಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಮಿಂಚಿಲ್ಲದ ಕಂದು ಛಾಯೆಗಳೂ ಒಂದೆರಡು ಚಿನ್ನದ ಛಾಯೆಗಳೂ ಇರುವ ಸಣ್ಣ ಐಶ್ಯಾಡೊ ಡಬ್ಬಿ ಸಾಕು. ಕೆಂಪು, ಗುಲಾಬಿ, ಕಂದು ಲಿಪ್‌ಸ್ಟಿಕ್ಕುಗಳು ಮೂರಿದ್ದರೆ ಬೆರೆಸಿ ಆರು ಮಾಡಬಹುದು. ಕೆನ್ನೆಗೂ ಅವೇ ಆಗುತ್ತವೆ. ಕಣ್ಣಿಗೆ ಮಾತ್ರ ಅವನ್ನು ಬಳಸಬಾರದು. ತುಟಿಗೆ ಸಲ್ಲುವ ಬಣ್ಣಗಳೆಲ್ಲ ಕಣ್ಣಿನ ಬಳಿಗೆ ಸಲ್ಲುವುದಿಲ್ಲ.

ಬ್ರಷ್ಷುಗಳು ಆರೇ ಇರಲಿ, ಕೂದಲು ಉದುರದಂಥವಿರಲಿ. ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಹೋಗುವ ಮುನ್ನ ಅವನ್ನು ಶೇಕಡ ೭೦ರ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಬೇಕು. ಶೇಕಡ ೯೯ರದ್ದು ಇನ್ನೂ ಚೆನ್ನಾಗಿರಬಹುದೆಂಬುದು ತಪ್ಪು ಎಣಿಕೆ. ನೀರಿನ ಅಂಶವಿದ್ದಾಗಲೇ ಅದು ರೋಗಾಣುಗಳನ್ನು ಸರಿಯಾಗಿ ಕೊಲ್ಲುತ್ತದೆ. ಲಿಪ್‌ಸ್ಟಿಕ್ಕನ್ನು ನೇರ ತುಟಿಗೆ ತಾಗಿಸದೆ ಸಣ್ಣ ಚಮಚದಿಂದ ಕೆರೆದು ತಟ್ಟೆಗೆ ತೆಗೆದುಕೊಳ್ಳಬೇಕು. ಕಾಡಿಗೆಯ ಪೆನ್ಸಿಲನ್ನು ಪ್ರತಿಸಲ ಹೆರೆದು ಒರೆಸಬೇಕು. ಮದುವೆಮನೆಯಲ್ಲಿ ಹೆಣ್ಣಿನ ಬೆನ್ನಿಗೇ ಅಕ್ಕ, ಅತ್ತಿಗೆ, ಗೆಳತಿಯರು ಸಾಲುಗಟ್ಟುವಾಗ ಈ ಕ್ರಮ ತಪ್ಪುವುದು ಸುಲಭ. ಒಬ್ಬರ ಕಣ್ಣುಬೇನೆ ಮನೆಮಂದಿಗೆಲ್ಲ ಹರಡುವುದೂ ಅಷ್ಟೇ ಸುಲಭ.

ಅಗ್ಗ ಎಂಬ ಮಾತಿಗೆ ಇಲ್ಲೊಂದು ಗಡಿಯಿದೆ. ಹೆಸರಾಂತ ಕಂಪನಿಗಳ ನಕಲಿ ಮಾಲು ಸಂತೆ, ಜಾತ್ರೆಗಳಲ್ಲಿ ಕಾಲು ಬೆಲೆಗೆ ಸಿಗುತ್ತದೆ. ೨೦೨೦ರ ಭಾರತದ ಕಾಸ್ಮೆಟಿಕ್ಸ್ ನಿಯಮಗಳು ಬಣ್ಣವುಳ್ಳ ಪ್ರಸಾಧನಗಳಲ್ಲಿ ಸೀಸ ಹತ್ತು ಲಕ್ಷಕ್ಕೆ ೨೦ ಭಾಗವನ್ನೂ ಆರ್ಸೆನಿಕ್ ೨ ಭಾಗವನ್ನೂ ಮೀರಬಾರದೆಂದು ವಿಧಿಸಿವೆ. ತಯಾರಕರ ಹೆಸರು, ವಿಳಾಸ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ ನಮೂದಾಗಿರಬೇಕು. ಇವಿಲ್ಲದ ಡಬ್ಬಿಯೊಳಗೆ ಏನಿದೆಯೆಂದು ಹೇಳಬಲ್ಲವರು ಯಾರೂ ಇಲ್ಲ. ಹಳೆಯ ಅರದಾಳವೇ ಹೊಸ ಹೊದಿಕೆಯಲ್ಲಿ ಬಂದಿರಬಹುದು. ಅಸಲಿ ಮಾಲನ್ನೇ ಬಳಸಿದರೂ, ಹಿಂದಿನ ದಿನ ಮೊಣಕೈಯ ಒಳಬದಿಗೆ ಚೂರು ಹಚ್ಚಿ ಒಂದು ದಿನ ಕಾದು ನೋಡುವುದು ವಾಡಿಕೆಯಾಗಬೇಕು.

ಇಷ್ಟನ್ನೂ ಒಟ್ಟಿಗೆ ಕೊಳ್ಳಲಾಗದವರು ಸಣ್ಣ ಅಳತೆಯ ಸೀಸೆಗಳಿಂದ ಆರಂಭಿಸಿ, ಮೊದಲ ಕೆಲವು ಮದುವೆಗಳ ಸಂಭಾವನೆಯಲ್ಲಿ ಒಂದು ಪಾಲನ್ನು ಪೆಟ್ಟಿಗೆಗೆಂದೇ ಎತ್ತಿಡುವುದುಂಟು. ಸಾಲವೇ ಬೇಕಾದರೆ ೨೦೧೫ರಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ ೫೦,೦೦೦ ರೂಪಾಯಿವರೆಗೆ ಅಡಮಾನವಿಲ್ಲದೆ ಅರ್ಜಿ ಸಲ್ಲಿಸಬಹುದು. ಆದರೆ ಈ ಸಾಮಗ್ರಿ ಬಂಗಾರದಂತೆ ಕೂಡಿಡುವಂಥದ್ದಲ್ಲ. ತೆರೆದ ಮಸ್ಕಾರವನ್ನು ಮೂರು ತಿಂಗಳಿಗೆ ಎಸೆಯಬೇಕು. ಫೌಂಡೇಶನ್ನಿನ ಆಯುಷ್ಯ ತೆರೆದ ಮೇಲೆ ಸುಮಾರು ಒಂದು ವರ್ಷ. ತೆರೆದ ತಾರೀಕನ್ನು ಪ್ರತಿ ಸೀಸೆಯ ತಳಕ್ಕೂ ಒಂದು ಚೀಟಿಯಲ್ಲಿ ಬರೆದು ಅಂಟಿಸುವ ಪ್ರಸಾಧಕಿಗೆ ಮುಂದಿನ ಲಗ್ನದ ಕಾಲಕ್ಕೆ ಏನನ್ನು ಕೊಳ್ಳಬೇಕೆಂಬುದು ಪೆಟ್ಟಿಗೆ ತೆರೆದೊಡನೆ ತಿಳಿಯುತ್ತದೆ.