ಕತ್ತಿ ಇದ್ದರೆ ಸಾಕೇ?

ರೂನ್‌ಸ್ಕೇಪ್ ಎಂಬ ಆನ್‌ಲೈನ್ ಆಟ 2001ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಅದರ ಹಳೇ ರೂಪವನ್ನು 2013ರಲ್ಲಿ ಮತ್ತೆ ಶುರು ಮಾಡಿದರು. ಅದರಲ್ಲಿ ದುಡ್ಡು ಕೊಟ್ಟು ಒಳ್ಳೇ ಕತ್ತಿ ಕೊಂಡರೂ ಕೈಯಲ್ಲಿ ಹಿಡಿಯೋಕೆ ಮಟ್ಟ ಬೇಕು. ಕಂಚಿನ ಕತ್ತಿಗೆ ದಾಳಿ ಮಟ್ಟ 1 ಸಾಕು, ಉಕ್ಕಿನದಕ್ಕೆ 5, ರೂನ್ ಲೋಹದ್ದಕ್ಕೆ 40.

ದಾಳಿ ಹೆಚ್ಚಿದರೆ ನಮ್ಮ ಏಟು ತಪ್ಪೋದು ಕಡಿಮೆ. ಬಲ ಹೆಚ್ಚಿದರೆ ಏಟು ಜೋರು. ರಕ್ಷಣೆ ಹೆಚ್ಚಿದರೆ ಎದುರಾಳಿಯ ಏಟು ತಪ್ಪೋದು ಹೆಚ್ಚು. ಒಳ್ಳೇ ಕತ್ತಿ, ಕವಚ ಇವಕ್ಕೆ ಇನ್ನಷ್ಟು ಕೂಡಿಸುತ್ತವೆ.

ಹಾಗಂತ ಯಾವಾಗಲೂ ಲೋಹದ ಕವಚವೇ ಒಳ್ಳೇದಲ್ಲ. ಅದು ಬಾಣ ತಡೆಯುತ್ತೆ, ಮಂತ್ರ ತಡೆಯಲ್ಲ. ತೊಟ್ಟವನು ಹಾಕೋ ಮಂತ್ರವೂ ಬಹಳ ಸಲ ಗುರಿ ತಪ್ಪುತ್ತೆ. ವೈಲ್ಡರ್‌ನೆಸ್ ಎಂಬ ಪಾಳು ಬಯಲಲ್ಲಿ ಸತ್ತರೆ ಸಾಮಾನ್ಯವಾಗಿ 3 ವಸ್ತು ಮಾತ್ರ ಉಳಿಯುತ್ತವೆ. ಆದ್ದರಿಂದ ಎದುರಾಳಿ ಯಾರೆಂದು ನೋಡಿಯೇ ಕವಚ ತೊಡಬೇಕು.