ಎರಡನೇ ಆಯ್ಕೆ ತಂದ ಗೆಲುವು

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಬಂತೆಂದರೆ ವರ್ತೂರು, ವೈಟ್‌ಫೀಲ್ಡ್ ಕಡೆಯ ಮನೆಗಳಲ್ಲೂ ಅದರದೇ ಮಾತು. ಮಕ್ಕಳು ತರಗತಿಯಲ್ಲಿ ಕೇಳುವ ಪ್ರಶ್ನೆ ಒಂದೇ: ‘ಸಾರ್, ಹೆಚ್ಚು ಮತ ಪಡೆದವರೂ ಅಲ್ಲಿ ಸೋಲುತ್ತಾರಂತಲ್ಲ, ಹೇಗೆ?’

ಅಲ್ಲಿನ ಜನ ಆರಿಸುವುದು 538 ಪ್ರತಿನಿಧಿಗಳನ್ನು. ಅಧ್ಯಕ್ಷರಾಗಲು ಅವರಲ್ಲಿ 270 ಮಂದಿಯ ಮತ ಬೇಕು. 50 ರಾಜ್ಯಗಳ ಪೈಕಿ 48ರಲ್ಲಿ, ಯಾರು ಮುಂದಿದ್ದರೋ ಅವರಿಗೇ ಆ ರಾಜ್ಯದ ಅಷ್ಟೂ ಪ್ರತಿನಿಧಿಗಳು. 2000ದಲ್ಲಿ ದೇಶದಾದ್ಯಂತ ಆಲ್ ಗೋರ್ ಸುಮಾರು 5 ಲಕ್ಷ ಮತ ಹೆಚ್ಚು ಪಡೆದರು. ಆದರೆ ಫ್ಲೋರಿಡಾದಲ್ಲಿ ಕೇವಲ 537 ಮತಗಳಿಂದ ಹಿಂದೆ ಬಿದ್ದರು. ಜಾರ್ಜ್ ಬುಷ್ ಅಧ್ಯಕ್ಷರಾದರು. ಅದೇ ಫ್ಲೋರಿಡಾದಲ್ಲಿ ಮೂರನೆಯವರಾದ ರಾಲ್ಫ್ ನೇಡರ್‌ಗೆ 97 ಸಾವಿರಕ್ಕೂ ಹೆಚ್ಚು ಮತ ಬಿದ್ದಿತ್ತು. ‘ನೇಡರ್ ಗೆಲ್ಲದಿದ್ದರೆ ನಿಮ್ಮ ಮತ ಯಾರಿಗೆ?’ ಎಂದು ಆ ಮತದಾರರನ್ನು ಯಾರೂ ಕೇಳಲಿಲ್ಲ.

ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲಿ ಈ ಪ್ರಶ್ನೆಯನ್ನು ಮತಪತ್ರವೇ ಕೇಳುತ್ತದೆ. ಸಂಸದರು, ಶಾಸಕರು ಅಭ್ಯರ್ಥಿಗಳ ಮುಂದೆ 1, 2, 3 ಎಂದು ಬರೆಯುತ್ತಾರೆ. ಶಾಸಕರ ಮತಕ್ಕೆ ರಾಜ್ಯದ ಜನಸಂಖ್ಯೆಗೆ ತಕ್ಕ ಮೌಲ್ಯವುಂಟು. 2022ರಲ್ಲಿ ಕರ್ನಾಟಕದ ಶಾಸಕರ ಮತದ ಮೌಲ್ಯ 131. 1971ರ ಜನಸಂಖ್ಯೆ 2.93 ಕೋಟಿಯನ್ನು 224ರಿಂದ, ಬಂದದ್ದನ್ನು 1000ದಿಂದ ಭಾಗಿಸಿ ನೋಡಿ.

ಈ ಎರಡನೇ ಆಯ್ಕೆ ಫಲಿತಾಂಶ ನಿರ್ಧರಿಸಿದ ಚುನಾವಣೆ 1969ರದು. ಅದರ ಬೇರು ಇದ್ದದ್ದು ನಮ್ಮ ಬೆಂಗಳೂರಿನಲ್ಲಿ. ಆ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪ. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಒಪ್ಪಿಗೆಯಿಲ್ಲದಿದ್ದರೂ ಪಕ್ಷದ ಸಂಸದೀಯ ಮಂಡಳಿ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯಾಗಿ ಆರಿಸಿತು. ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಪಕ್ಷೇತರರಾಗಿ ನಿಂತರು. ಇಂದಿರಾ ‘ಆತ್ಮಸಾಕ್ಷಿಯ ಮತ’ಕ್ಕೆ ಕರೆಕೊಟ್ಟರು. ಮೂರನೆಯವರು ಸಿ.ಡಿ. ದೇಶಮುಖ್.

ಗೆಲ್ಲಲು ಬೇಕಿದ್ದ ಮತಮೌಲ್ಯ 4,18,169. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಮುಂದಿದ್ದರೂ ಗಿರಿ ಗೆದ್ದಿರಲಿಲ್ಲ. ಇನ್ನೂ 16,654 ಬೇಕಿತ್ತು. ಹಿಂದುಳಿದವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು, ಅವರ ಮತಪತ್ರಗಳಲ್ಲಿನ ಮುಂದಿನ ಆಯ್ಕೆಯನ್ನು ಎಣಿಸಿದರು. ಹೆಚ್ಚಿನವು ರೆಡ್ಡಿಯವರಿಗೇ ಹೋದವು. ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಗಿರಿ ರಾಷ್ಟ್ರಪತಿಯಾದರು. ಅದೇ ನವೆಂಬರಿನಲ್ಲಿ ಕಾಂಗ್ರೆಸ್ ಇಬ್ಭಾಗವಾಯಿತು. ಸೋತ ರೆಡ್ಡಿಯವರು 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು; ಅಲ್ಲಿಯವರೆಗೆ ಆ ಹೊಣೆ ಹೊತ್ತಿದ್ದವರು ನಮ್ಮ ಬಿ.ಡಿ. ಜತ್ತಿ.

ವಿದ್ಯಾರ್ಥಿಗಳೇ, ತರಗತಿಯ ನಾಯಕನ ಆಯ್ಕೆಯಲ್ಲಿ ಇದನ್ನು ಪ್ರಯೋಗಿಸಿ. 40 ಮಂದಿಯಲ್ಲಿ ‘ಅ’ಗೆ 17, ‘ಬ’ಗೆ 15, ‘ಕ’ಗೆ 8 ಮತ ಬಂದವೆನ್ನಿ. ಬರೀ ಮುಂದಿದ್ದವರೇ ನಾಯಕರೆಂದರೆ ‘ಅ’ ಗೆದ್ದಂತೆ. 23 ಮಂದಿ ಬೇಡವೆಂದಿದ್ದರೂ ಸರಿಯೆ. ‘ಕ’ನ ಎಂಟರಲ್ಲಿ ಆರು ಮಂದಿಯ ಎರಡನೇ ಆಯ್ಕೆ ‘ಬ’ ಆದರೆ? ‘ಬ’ 21, ‘ಅ’ 19. ಮತಗಳು ಅವೇ, ಮತದಾರರೂ ಅವರೇ. ನಾಯಕ ಮಾತ್ರ ಬೇರೆ. ಇವೆರಡರಲ್ಲಿ ಯಾವುದು ನ್ಯಾಯ ಎಂಬುದನ್ನು ಇಂದು ಊಟದ ಹೊತ್ತಿಗೆ ಅಪ್ಪ ಅಮ್ಮನೊಡನೆ ಚರ್ಚಿಸಿ.