ಕನ್ನಡ ನಾಡಿನ ಆಫ್ರಿಕ ಸೋದರರಲ್ಲಿ ನಾಲ್ಕು ದಿನ

ಆಫ್ರಿಕ ಖಂಡದ ಜನರ ನಡುವೆ ಸೇವೆಮಾಡಬೇಕಾದರೆ ಸಮುದ್ರವನ್ನು ದಾಟಲೇಬೇಕೆಂದು ನಮ್ಮಲ್ಲಿ ಅನೇಕರು ಭಾವಿಸಿರುವರು. ಆದರೆ ವಾಚಕ ಮಹಾಶಯರೇ, ರಾಯಚೂರು ತಾಲೂಕಿನ ಗಿಲ್ಲೆಸುಗೂರಿನ ಕಡೆಯವರಾದ ನಾವು ಎಂಟು ಮಂದಿ ಹುಬ್ಬಳ್ಳಿಯ ಮಾರ್ಗವಾಗಿ ಮುಂಡಗೋಡಕ್ಕೆ ಹೋಗಿ ಆ ಜನರನ್ನು ಕಂಡುಬಂದೆವು. ಅವರು ಸಿದ್ದಿಗಳು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಾಡಿನಂಚಿನಲ್ಲಿ ತಲೆತಲಾಂತರದಿಂದ ವಾಸವಾಗಿರುವರು.

ಇವರ ಪೂರ್ವಿಕರು ಇಲ್ಲಿಗೆ ಬಂದುದು ಸ್ವಇಚ್ಛೆಯಿಂದಲ್ಲ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಜರು ಮೊಸಾಂಬೀಕ್ ಮೊದಲಾದ ಪೂರ್ವಾಫ್ರಿಕದ ತೀರಗಳಿಂದ ಗಂಡಸರು ಹೆಂಗಸರೆನ್ನದೆ ಹಿಡಿದು ಹಡಗುಗಳಲ್ಲಿ ತಂದು ಮಾರಿದರು. ಯಜಮಾನರ ಕೈಯಿಂದ ತಪ್ಪಿಸಿಕೊಂಡವರಿಗೆ ಸಹ್ಯಾದ್ರಿಯ ಅಡವಿಯೇ ಆಶ್ರಯವಾಯಿತು. ಇವರ ಮೂಲವು ಬಹುಮಟ್ಟಿಗೆ ಪೂರ್ವಾಫ್ರಿಕದ ಬಂಟು ಜನರದೆಂಬುದನ್ನು 2011ರಲ್ಲಿ ಪ್ರಕಟವಾದ ವಂಶವಾಹಿ ಶೋಧನೆಯೂ ತೋರಿಸಿಕೊಟ್ಟಿದೆ.

ನಮ್ಮ ಸೀಮೆಯವರಿಗೆ ಈ ಜನರು ತೀರ ಅಪರಿಚಿತರೆಂದು ಹೇಳುವಂತಿಲ್ಲ. ತುಂಗಭದ್ರೆಯ ಆಚೆಯ ಆದವಾನಿಯನ್ನು 17ನೆಯ ಶತಮಾನದಲ್ಲಿ ಆಳಿದ ಸಿದ್ದಿ ಮಸೂದ್ ಖಾನನು ಹಬಶಿ ಕುಲದವನೇ. ಬಿಜಾಪುರದ ರಾಜ್ಯಭಾರವನ್ನೂ ಕೆಲಕಾಲ ನಡೆಸಿದವನು. ಅಹಮದನಗರದ ಮಲಿಕ್ ಅಂಬರನ ಹೆಸರನ್ನು ಕೇಳದವರಾರು? ಒಂದೇ ಸಮುದ್ರದ ಆಚೆಯಿಂದ ಬಂದವರಲ್ಲಿ ಕೆಲವರು ಕೋಟೆಗಳನ್ನು ಆಳಿದರು. ಉಳಿದವರು ಇಂದಿಗೂ ಎರಡು ಎಕರೆ ನೆಲಕ್ಕಾಗಿ ಅರ್ಜಿ ಹಿಡಿದು ನಿಂತಿರುವರು. ಚರಿತ್ರೆಯನ್ನು ಬರೆಯುವವರು ಮೊದಲನೆಯವರನ್ನು ಮಾತ್ರ ನೆನೆಯುವುದು ನಮಗೇನೋ ನ್ಯಾಯವೆನಿಸದು.

ನಮ್ಮ ತಂಡದಲ್ಲಿ ಒಬ್ಬ ದಾದಿಯೂ, ಇಬ್ಬರು ಉಪಾಧ್ಯಾಯರೂ, ಉಳಿದಂತೆ ನಮ್ಮ ಸಭೆಯ ಗೃಹಸ್ಥರೂ ಗೃಹಿಣಿಯರೂ ಇದ್ದರು. ಔಷಧಿಯ ಪೆಟ್ಟಿಗೆ, ಮಕ್ಕಳಿಗೆ ಪಾಟಿ ಪುಸ್ತಕ, ಹಾಡಲು ನಾಲ್ಕಾರು ಕೀರ್ತನೆ, ಇಷ್ಟೇ ನಮ್ಮ ಸಾಮಗ್ರಿ. ಎರೆಹೊಲದ ಬಟ್ಟಬಯಲಿನಿಂದ ಹೊರಟ ನಮಗೆ ಆ ತೇಗದ ಕಾಡಿನ ನೆರಳೇ ಒಂದು ಸುಖವಾಗಿತ್ತು. ದಾರಿಯಲ್ಲಿ ಟಿಬೇಟಿನವರ ಬಿಡಾರಗಳು ಕಂಡುವು. 1966ರಿಂದ ಅವರೂ ಅದೇ ತಾಲೂಕಿನಲ್ಲಿ ನೆಲಸಿರುವರು. ದೇಶವನ್ನು ಕಳೆದುಕೊಂಡ ಎರಡು ಜನಾಂಗಗಳಿಗೆ ಒಂದೇ ಸಂತೆ!

ಮೊದಲನೆಯ ದಿನ ಒಬ್ಬ ವೃದ್ಧೆಯ ಅಂಗಳದಲ್ಲಿ ಕುಳಿತೆವು. ಗುಂಗುರುಗೂದಲು, ಕಪ್ಪು ಮೈಬಣ್ಣ, ಕೊರಳಲ್ಲಿ ಶಿಲುಬೆ. ಉಟ್ಟದ್ದು ನಮ್ಮ ತಾಯಂದಿರಂತೆಯೇ ಸೀರೆ. ಮನೆಯೊಳಗೆ ಕೊಂಕಣಿ, ನಮ್ಮೊಡನೆ ಕನ್ನಡ. ಆಕೆ ನಗುತ್ತ ಹೇಳಿದಳು: “ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಾಗ ನನ್ನ ಕಂಡವರು ಇಂಗ್ಲೀಷಿನಾಗ ಮಾತಾಡಸ್ತಾರ್ರೀ. ನಾ ಕನ್ನಡದಾಗ ಉತ್ತರ ಕೊಟ್ಟರ ಅವರಿಗೇ ನಾಚಿಕಿ ಆಗತೈತಿ.” ನಮ್ಮ ಗೃಹಿಣಿಯರೂ ನಕ್ಕರು. ಆದರೆ ಹುಟ್ಟಿದ ನಾಡಿನಲ್ಲಿಯೇ ಪ್ರತಿದಿನವೂ ಪರದೇಶಿಯೆನಿಸಿಕೊಳ್ಳುವುದು ನಗುವ ವಿಷಯವಲ್ಲವೆಂದು ದಾದಿಯು ರಾತ್ರಿ ಹೇಳಿದುದೇ ಸರಿ.

ಸಿದ್ದಿಗಳಲ್ಲಿ ಹಿಂದುಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಉಂಟು. ಹಿರಿಯರೆಂಬ ಹೆಸರಿನಿಂದ ಸತ್ತವರನ್ನು ಸ್ಮರಿಸುವ ಪದ್ಧತಿಯೂ, ದಮಾಮಿಯ ಬಡಿತಕ್ಕೆ ಕುಣಿಯುವ ಹಬ್ಬವೂ ಮತಭೇದವನ್ನು ಅಷ್ಟಾಗಿ ಲಕ್ಷಿಸವು. ಕ್ರೈಸ್ತ ಸಿದ್ದಿಗಳ ವಿಶ್ವಾಸವು ನಮ್ಮಲ್ಲಿ ಅನೇಕರ ಮನೆತನಗಳ ವಿಶ್ವಾಸಕ್ಕಿಂತ ಹಳೆಯದು. ಗೋವೆಯಲ್ಲಿ ಗುಲಾಮರಿಗೂ ಜ್ಞಾನಸ್ನಾನ ಮಾಡಿಸುತ್ತಿದ್ದರಷ್ಟೆ. ಸ್ನಾನ ಮಾಡಿಸಿದವರೇ ಸಂಕೋಲೆಯನ್ನು ಬಿಚ್ಚದೆ ಹೋದುದು ಕ್ರೈಸ್ತ ಸಭೆಗೆ ಭೂಷಣವಲ್ಲ. ಆದರೂ ಓಡಿಹೋದವರು ಆ ಶಿಲುಬೆಯನ್ನು ಕಾಡಿಗೆ ಹೊತ್ತುಕೊಂಡೇ ಹೋದರೆಂಬುದನ್ನು ನೆನೆದಾಗ ನಮಗೆ ಬೋಧನೆಯ ಮಾತು ಬಾಯಿಗೆ ಬಾರದಾಯಿತು. ಎರಡನೆಯ ದಿನದ ಪ್ರಾರ್ಥನೆಯನ್ನು ಅವರೇ ನಡೆಸಿದರು. ನಾವು ಹಿಂದೆ ಕುಳಿತೆವು.

ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಹಿರಿಯನನ್ನು, ನಮ್ಮಿಂದ ಏನಾಗಬೇಕೆಂದು ಕೇಳಿದೆವು. “ಪುಸ್ತಕ ನಮ್ಮಲ್ಲಿ ಐತ್ರಿ, ಪಟ್ಟಾ ಇಲ್ಲ” ಎಂದನು. ಈ ಮಾತನ್ನು ಸ್ವಲ್ಪ ವಿಸ್ತರಿಸುವುದು ಅವಶ್ಯ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಸೇರಿದುದು 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಗಳವರು 2020ರಲ್ಲಿ. ಪಂಗಡದ ಹಕ್ಕಿಗೆ ಮತದ ಅಡ್ಡಿಯಿಲ್ಲದ್ದರಿಂದ ಕ್ರೈಸ್ತರೂ ಮುಸಲ್ಮಾನರೂ ಅದಕ್ಕೆ ಭಾಗಿಗಳು. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ, ಕಾಡಿನ ನೆಲವನ್ನು ಸಾಗುಮಾಡುವ ಇತರರು 75 ವರ್ಷಗಳ ವಾಸಕ್ಕೆ ರುಜುವಾತು ಕೊಡಬೇಕು. ಪಂಗಡದವರು 2005ರ ದಶಂಬರ 13ಕ್ಕೆ ಮುಂಚಿನಿಂದ ಅಲ್ಲಿದ್ದರೆ ಸಾಕು. ಕಾಗದವನ್ನೇ ಕಾಣದೆ ಅಡಗಿ ಬದುಕಿದ ಜನರಿಗೆ ಈ ಒಂದು ಭೇದವೇ ಮನೆಯುಳಿಯುವ ಪ್ರಶ್ನೆ. ಹೀಗಿದ್ದರೂ ಅರ್ಜಿ ಹಾಕಿ ವರ್ಷಗಟ್ಟಲೆ ಕಾದಿರುವ ಕುಟುಂಬಗಳನ್ನು ನಾವು ಕಂಡೆವು. ನಮ್ಮ ಉಪಾಧ್ಯಾಯರಿಬ್ಬರೂ ಕೀರ್ತನೆಯ ಪುಸ್ತಕವನ್ನು ಬದಿಗಿರಿಸಿ ಉಳಿದೆರಡು ದಿನಗಳನ್ನು ಆ ಅರ್ಜಿಗಳನ್ನು ಓದಿಹೇಳುವುದರಲ್ಲಿಯೂ ನಕಲು ಬರೆಯುವುದರಲ್ಲಿಯೂ ಕಳೆದರು. ನಮ್ಮ ಪ್ರಯಾಣದಲ್ಲಿ ನಿಜವಾಗಿ ಉಪಯೋಗಕ್ಕೆ ಬಂದ ಸೇವೆ ಇದೇ ಎಂದು ಹೇಳಬಹುದು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣ ಹೊಂದಿ ಆ ಸಭೆಯ ಮೊದಲ ಸಿದ್ದಿ ಸದಸ್ಯರಾದುದನ್ನು ಆ ಹಿರಿಯನು ಎರಡು ಸಲ ಹೇಳಿದನು.

ಗೃಹಿಣಿಯರ ಮನಸ್ಸನ್ನು ಸೆಳೆದುದು ಬೇರೆಯೇ. ನಮ್ಮ ಕಡೆಯಂತೆಯೇ ಅಲ್ಲಿಯೂ ಹೆಂಗಸರು ಹಳೆಯ ಬಟ್ಟೆಯಲ್ಲಿ ಕೌದಿ ಹೊಲಿಯುವರು. ಆದರೆ ಅವರ ಕ್ರಮವನ್ನು ನೋಡಿರಿ: ಅಂಚಿನಿಂದ ಪ್ರಾರಂಭಿಸಿ, ಸುತ್ತುತ್ತ ಸುತ್ತುತ್ತ, ನಡುವಿಗೆ ಬಂದು ಮುಗಿಸುವರು. ಮೇಲೆ ಹಚ್ಚುವ ತುಂಡುಗಳಲ್ಲಿ ಕ್ರೈಸ್ತರು ಶಿಲುಬೆಯನ್ನೂ ಮುಸಲ್ಮಾನರು ಚಂದ್ರರೇಖೆಯನ್ನೂ ಕೂಡಿಸುವುದುಂಟು. ಕಡೆಗೆ ನಾಲ್ಕು ಮೂಲೆಗಳಿಗೂ ಮಡಚಿದ ಬಟ್ಟೆಯ ಹೂವನ್ನು ಹೊಲಿಯಬೇಕು. ಹೂವಿಲ್ಲದ ಕೌದಿ ಬತ್ತಲೆಯೆಂದು ಅವರ ಮಾತು. ದುಡ್ಡಿಗೆ ಮಾರುವ ಕೌದಿಗೂ, ತೊಟ್ಟಿಲಲ್ಲಿ ಹಾಸುವ ಕೌದಿಗೂ ಹೂವು ಬೇಕೇ ಬೇಕು.

ನಮ್ಮ ಗೃಹಿಣಿಯೊಬ್ಬರು ಹೊರಡುವ ಮುಂಜಾನೆ ಆ ವೃದ್ಧೆಯನ್ನು, ಅಜ್ಜೀ ಮತ್ತೇನು ಕಳುಹಿಸಲಿ ಎಂದು ಕೇಳಿದರು. ಹೊಸದು ಬೇಡ, ಹಳೆಯ ನೂಲಿನ ಸೀರೆಗಳಿದ್ದರೆ ಕಳುಹಿಸಿರಿ, ಸೂಜಿ ಅವುಗಳಲ್ಲಿ ಚೆನ್ನಾಗಿ ಇಳಿಯುವುದು ಎಂದು ಆಕೆ ಹೇಳಿದಳು. ಗಿಲ್ಲೆಸುಗೂರಿನ ಮನೆಗಳಿಂದ ಎರಡು ಚೀಲ ಸೀರೆಗಳು ಕೂಡಿಬಂದಿವೆ. ಅರ್ಜಿಗಳ ನಕಲುಗಳ ಜೊತೆಗೆ ಮುಂದಿನ ವಾರ ಮುಂಡಗೋಡಕ್ಕೆ ಹೊರಡುವುವು.